ಮೋಟರ್‌ಹೋಮ್ ಸುಡುವ ವಿಧಾನ: ಬಳಕೆದಾರರ ಕೈಪಿಡಿ

ಇದು ಯಾರಿಗಾಗಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿದ, ಊರಿನಿಂದ ಅಪ್ಪ ಅಮ್ಮ ಬಂದಿರುವ, ಅವರಿಗೆ ಯೆಲ್ಲೋಸ್ಟೋನ್ ತೋರಿಸಲೇಬೇಕೆಂದು ಮೋಟರ್‌ಹೋಮ್ ಬಾಡಿಗೆಗೆ ಹಿಡಿದಿರುವ ಕನ್ನಡ ಕುಟುಂಬಗಳಿಗಾಗಿ ಈ ಕೈಪಿಡಿ. ತೆಲುಗರು, ಗುಜರಾತಿಗಳು, ಟೆಕ್ಸಾಸಿನ ಅಜ್ಜಂದಿರು ಓದಿದರೂ ನಮ್ಮ ಅಭ್ಯಂತರವಿಲ್ಲ.

ವಾಹನದ ಜೊತೆ ಬರುವ ದಪ್ಪ ಪುಸ್ತಕದಲ್ಲಿ ಅದನ್ನು ಕಾಪಾಡಿಕೊಳ್ಳುವ ಬಗೆಯೆಲ್ಲ ಬರೆದಿರುತ್ತದೆ. ಹಾಳುಮಾಡುವ ಕ್ರಮ ಮಾತ್ರ ಎಲ್ಲೂ ಇಲ್ಲ. ಹೀಗಾಗಿ ಜನ ತಮತಮಗೆ ತೋಚಿದಂತೆ ಸುಟ್ಟುಕೊಳ್ಳುತ್ತಿದ್ದಾರೆ. ಎಷ್ಟೋ ಜನರಿಗೆ ಸುಟ್ಟಮೇಲೂ ತಾವು ಏನು ಮಾಡಿದೆವು ಅನ್ನುವುದು ಗೊತ್ತಾಗುವುದಿಲ್ಲ. ಇಷ್ಟು ದುಬಾರಿ ಕೆಲಸವನ್ನು ತಿಳಿದು ಮಾಡುವುದು ಒಳ್ಳೆಯದು.

ಬೆಂಕಿಪೊಟ್ಟಣ, ಪೆಟ್ರೋಲು ಬೇಡ. ಒಂದು ಪ್ಲಗ್ಗು, ಒಂದು ತಪ್ಪು ವೈರು, ಮತ್ತು ಅಮೆರಿಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ ಎಂಬ ಗಟ್ಟಿ ನಂಬಿಕೆ ಇದ್ದರೆ ಸಾಕು.

ವಾಹನದ ಪರಿಚಯ

ಮೋಟರ್‌ಹೋಮಿನಲ್ಲಿ ಎರಡು ಬಗೆಯ ಕರೆಂಟು ಓಡಾಡುತ್ತದೆ. ದೀಪ, ನೀರಿನ ಪಂಪು, ಚಳಿಗೆ ಬಿಸಿಗಾಳಿ ಊದುವ ಫ್ಯಾನು ಇವೆಲ್ಲ 12 ವೋಲ್ಟಿನ ಬ್ಯಾಟರಿ ಮೇಲೆ ನಡೆಯುತ್ತವೆ. ಏಸಿ, ಮೈಕ್ರೋವೇವ್, ಗೋಡೆಯ ಪ್ಲಗ್ ಪಾಯಿಂಟುಗಳಿಗೆ 120 ವೋಲ್ಟ್ ಬೇಕು. ಅದು ಹೊರಗಿನಿಂದ ದಪ್ಪ ಕೇಬಲ್ಲಿನಲ್ಲಿ ಬರಬೇಕು. ಎರಡರ ನಡುವೆ ಕನ್ವರ್ಟರ್ ಎಂಬ ಪೆಟ್ಟಿಗೆ ಕೂತು, ಹೊರಗಿನ ಕರೆಂಟನ್ನು 12 ವೋಲ್ಟಿಗೆ ಇಳಿಸಿ ಬ್ಯಾಟರಿ ತುಂಬುತ್ತಿರುತ್ತದೆ. ಈ ಪೆಟ್ಟಿಗೆ ಎಲ್ಲಿದೆ ಎಂದು ನೋಡಲು ಹೋಗಬೇಡಿ. ಸುಟ್ಟ ವಾಸನೆ ಬಂದಾಗ ಮೂಗೇ ದಾರಿ ತೋರಿಸುತ್ತದೆ.

ಬಾಡಿಗೆಗೆ ಸಿಗುವ ಬಹುಪಾಲು ಗಾಡಿಗಳದ್ದು 30 ಆಂಪಿಯರಿನ ಕೇಬಲ್ಲು. ಅದರ ಪ್ಲಗ್ಗಿಗೆ ಮೂರು ಕಾಲು: ಓರೆಯಾಗಿ ನಿಂತ ಎರಡು ಪಟ್ಟಿ, ಒಂದು ದುಂಡನೆಯ ಅರ್ತಿಂಗ್ ಪಿನ್ನು. ಪಟ್ಟಿಗಳಲ್ಲಿ ಒಂದು ಫೇಸು, ಇನ್ನೊಂದು ನ್ಯೂಟ್ರಲ್. ದೊಡ್ಡ ಬಸ್ಸಿನಂಥ ಗಾಡಿಗಳಿಗೆ ನಾಲ್ಕು ಕಾಲಿನ 50 ಆಂಪಿಯರ್ ಪ್ಲಗ್ಗು. ಅವರಿಗೆ ಬೇರೆಯೇ ಅಧ್ಯಾಯ ಇದೆ, ಕಾಯಬೇಕು.

ಮೊದಲ ಹಂತ: ಜಾಗದ ಆಯ್ಕೆ

ಯೆಲ್ಲೋಸ್ಟೋನ್ ಒಳಗೆ ಕರೆಂಟು, ನೀರು, ಒಳಚರಂಡಿ ಮೂರೂ ಕೊಡುವುದು ಫಿಶಿಂಗ್ ಬ್ರಿಡ್ಜ್ ಎಂಬ ಒಂದೇ ತಂಗುದಾಣ. ಸುತ್ತ ಗ್ರಿಜ್ಲಿ ಕರಡಿಗಳಿರುವುದರಿಂದ ಅಲ್ಲಿ ಡೇರೆ ಹಾಕಲು ಬಿಡುವುದಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಜಾಗ. ಇಂಥ ಕಡೆಯ ಪೆಡೆಸ್ಟಲ್ಲುಗಳು, ಅಂದರೆ ಗಾಡಿ ನಿಲ್ಲಿಸುವ ಜಾಗದಲ್ಲಿ ನೆಟ್ಟಿರುವ ಕರೆಂಟು ಕಂಬಗಳು, ನಿಯಮದ ಪ್ರಕಾರ ಜೋಡಿಸಿದವು. ಅಮೆರಿಕದ ವಿದ್ಯುತ್ ಸಂಹಿತೆ 1897ರಿಂದಲೂ ಇದೆ. ಮೋಟರ್‌ಹೋಮುಗಳಿಗೂ ಅವು ತಂಗುವ ಜಾಗಗಳಿಗೂ ಅದರಲ್ಲಿ 551 ಎಂಬ ಪ್ರತ್ಯೇಕ ವಿಧಿಯೇ ಇದೆ. ಅಲ್ಲೂ ಸಡಿಲವಾದ ಸಾಕೆಟ್ಟು, ಕರಗಿದ ತೂತು ಸಿಗುತ್ತವೆ. ಆದರೆ ಖಚಿತ ಫಲ ಬೇಕೆನ್ನುವವರು ಅದನ್ನು ನಂಬಿ ಕೂರಬಾರದು.

ದಾರಿಯಲ್ಲಿ, ಐಡಾಹೊದ ಬೋಯ್ಸಿಯಲ್ಲೋ ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲೋ, ಒಬ್ಬ ಹಳೆಯ ಕ್ಲಾಸ್‌ಮೇಟ್ ಇದ್ದೇ ಇರುತ್ತಾನೆ. ಅವನ ಮನೆಗೆ ಹೋಗಿ.

“ಬಾರೋ, ಹೋಟ್ಲು ಗೀಟ್ಲು ಏನೂ ಬೇಡ. ನಮ್ಮ ಡ್ರೈವ್‌ವೇನಲ್ಲೇ ನಿಲ್ಸು. ಹೋದ ತಿಂಗಳೇ ಮೂವತ್ತು ಆಂಪ್ ಪಾಯಿಂಟ್ ಹಾಕ್ಸಿದೀನಿ ಕಣೋ, ಆರ್‌ವಿ ತಗೋಬೇಕು ಅಂತ.”

ಈ ಮಾತು ಕಿವಿಗೆ ಬಿದ್ದರೆ ಅರ್ಧ ಕೆಲಸ ಮುಗಿಯಿತು.

ಎರಡನೆಯ ಹಂತ: ಪಾಯಿಂಟ್ ಹಾಕಿಸುವುದು

ಇದು ನಿಮ್ಮ ಕೆಲಸವಲ್ಲ, ನಿಮ್ಮ ಗೆಳೆಯ ಆಗಲೇ ಮುಗಿಸಿದ್ದಾನೆ. ಆದರೂ ಹೇಗೆ ಮುಗಿಸಿದ ಎಂದು ತಿಳಿದಿರಲಿ, ಯಾಕೆಂದರೆ ಇಡೀ ವಿದ್ಯೆಯ ಗುಟ್ಟು ಇಲ್ಲಿದೆ.

ಅಮೆರಿಕದ ಮನೆಗೆ ಹೊರಗಿನ ಟ್ರಾನ್ಸ್‌ಫಾರ್ಮರಿನಿಂದ ಮೂರು ತಂತಿ ಬರುತ್ತವೆ. ಎರಡು ತುದಿಗಳ ನಡುವೆ 240 ವೋಲ್ಟ್. ನಟ್ಟನಡುವಿನಿಂದ ತೆಗೆದ ತಂತಿ ನ್ಯೂಟ್ರಲ್. ಯಾವ ತುದಿಯಿಂದ ನಡುವಿಗೆ ಅಳೆದರೂ 120. ದೀಪ, ಟಿವಿ, ಫ್ರಿಜ್ಜುಗಳಿಗೆ ಒಂದು ತುದಿ ಮತ್ತು ನಡು. ಬಟ್ಟೆ ಒಣಗಿಸುವ ಡ್ರೈಯರು, ಒಲೆ, ವೆಲ್ಡಿಂಗ್ ಯಂತ್ರಕ್ಕೆ ಎರಡೂ ತುದಿ. ಮನೆಯ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ತನ್ನ ಜೀವಮಾನದಲ್ಲಿ ಕಂಡ 30 ಆಂಪಿಯರಿನ ಪಾಯಿಂಟುಗಳೆಲ್ಲ ಹೆಚ್ಚುಕಡಿಮೆ ಡ್ರೈಯರಿನವು, 240 ವೋಲ್ಟಿನವು. 1996ರ ಸಂಹಿತೆ ಹೊಸ ಡ್ರೈಯರುಗಳಿಗೆ ನಾಲ್ಕು ತಂತಿ ಕಡ್ಡಾಯ ಮಾಡುವವರೆಗೂ ಆ ಪಾಯಿಂಟಿಗೆ ಮೂರೇ ತೂತು, ಅದರಲ್ಲಿ ಎರಡು ಓರೆ. ಮೋಟರ್‌ಹೋಮಿನದಕ್ಕೂ ಮೂರು ತೂತು, ಎರಡು ಓರೆ. ದೂರದಿಂದ ಅಣ್ಣತಮ್ಮ.

ಹಾಗಾಗಿ ಗೆಳೆಯ “30 ಆಂಪ್ ಬೇಕು, ಆರ್‌ವಿಗೆ” ಎಂದಾಗ ಎಲೆಕ್ಟ್ರಿಷಿಯನ್ ತಲೆಯಲ್ಲಿ ಲೆಕ್ಕ ನಡೆದುಹೋಗಿದೆ: 30 ಆಂಪ್, ದೊಡ್ಡ ಗಾಡಿ, ಏಸಿ ಬೇರೆ ಇದೆ; 240 ಇರಲೇಬೇಕು. ಕಪ್ಪು ವೈರನ್ನು ಒಂದು ತುದಿಗೆ, ಬಿಳಿ ವೈರನ್ನು ಇನ್ನೊಂದು ತುದಿಗೆ ಕೊಟ್ಟು, ಜೋಡಿ ಬ್ರೇಕರ್ ಹಾಕಿ, ಅರ್ತಿಂಗನ್ನು ನೀಟಾಗಿ ಬಿಗಿದು, ಕೈ ಒರೆಸಿಕೊಂಡು ಹೋಗಿದ್ದಾನೆ. ಕೆಲಸ ಅಚ್ಚುಕಟ್ಟು. ಸಾಕೆಟ್ಟಿನ ಮೂತಿಯ ಮೇಲೆ 125 ವೋಲ್ಟ್ ಎಂದು ಅಚ್ಚೊತ್ತಿದೆ. ಅದನ್ನು ಅವನು ಓದಿಲ್ಲ, ಗೆಳೆಯ ಓದಿಲ್ಲ, ನೀವೂ ಓದಬೇಡಿ.

ಲೈಸೆನ್ಸ್ ಇರುವ, ಇಪ್ಪತ್ತು ವರ್ಷ ಅನುಭವದ, ಒಳ್ಳೆಯ ಎಲೆಕ್ಟ್ರಿಷಿಯನ್ನರೂ ಈ ತಪ್ಪು ಮಾಡುತ್ತಾರೆ. ಅನುಭವ ಹೆಚ್ಚಿದ್ದಷ್ಟೂ ಕೈ ತಾನಾಗಿ ಡ್ರೈಯರಿನ ಕಡೆ ಹೋಗುತ್ತದೆ ಎಂದೇ ನನ್ನ ಅನುಮಾನ. ಹೊಸಬನಾಗಿದ್ದರೆ ಹೆದರಿ ಪುಸ್ತಕ ತೆರೆಯುತ್ತಿದ್ದ.

ಮೂರನೆಯ ಹಂತ: ತಂದೆಯವರನ್ನು ದೂರ ಇಡುವುದು

ಈ ಕೆಲಸಕ್ಕೆ ಒಂದೇ ಒಂದು ಅಡ್ಡಿ ಬರುವ ಸಂಭವವಿದೆ. ನಿಮ್ಮ ತಂದೆ 1999ಕ್ಕೆ ಮುಂಚಿನ ಕೆಇಬಿಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರೋ, ಇಲ್ಲವೇ ಮಂಡ್ಯದ ಹಳ್ಳಿಯಲ್ಲಿ ಪಂಪ್‌ಸೆಟ್ ಇಟ್ಟುಕೊಂಡು ನಲವತ್ತು ವರ್ಷ ಲೈನ್‌ಮ್ಯಾನಿನ ದಾರಿ ಕಾದವರೋ ಆಗಿದ್ದರೆ, ಅವರ ಜುಬ್ಬಾದ ಜೇಬಿನಲ್ಲಿ ಟೆಸ್ಟರ್ ಇರುತ್ತದೆ. ಹಿಡಿಯಲ್ಲಿ ಪುಟ್ಟ ನಿಯಾನ್ ದೀಪವಿರುವ ಆ ಸ್ಕ್ರೂಡ್ರೈವರನ್ನು ಚೆಕ್-ಇನ್ ಲಗೇಜಿನಲ್ಲಿ ಅಮೆರಿಕಕ್ಕೂ ತಂದಿರುತ್ತಾರೆ. ನೀವು ಕೇಬಲ್ಲು ಬಿಚ್ಚುವಷ್ಟರಲ್ಲಿ ಅವರು ಸಾಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಾರೆ.

“ಲೋ, ಬಾ ಇಲ್ಲಿ. ಎರಡು ತೂತಲ್ಲೂ ಉರೀತಿದೆ.”

“ಅಪ್ಪಾ, ಸುಮ್ನೆ ಒಳಗೆ ಬನ್ನಿ. ಸೊಳ್ಳೆ ಇದೆ.”

“ಒಂದ್ರಲ್ಲಿ ಉರೀಬೇಕು ಕಣೋ. ಎರಡ್ರಲ್ಲೂ ಉರಿದ್ರೆ ನ್ಯೂಟ್ರಲ್ ಇಲ್ಲ ಅಂತ.”

“ಅಪ್ಪಾ, ಇದು ಅಮೆರಿಕ. ಇಲ್ಲಿ ಲೈಸೆನ್ಸ್ ಇಲ್ದೆ ಯಾರೂ ವೈರ್ ಮುಟ್ಟಲ್ಲ. ನಿಮ್ ಟೆಸ್ಟರ್ ಇನ್ನೂರ ಮೂವತ್ತು ವೋಲ್ಟಿಂದು, ಇಲ್ಲಿಗೆ ಆಗಲ್ಲ.”

“ಅಮೆರಿಕ ಆದ್ರೆ ಕರೆಂಟು ಬೇರೆ ಜಾತೀದಾ?”

ಇಲ್ಲಿ ನೀವು ದೃಢವಾಗಿರಬೇಕು. ತಂದೆ ಹೇಳುತ್ತಿರುವುದು ಅಕ್ಷರಶಃ ನಿಜ: ಆ ಸಾಕೆಟ್ಟಿನಲ್ಲಿ ನ್ಯೂಟ್ರಲ್ ಇಲ್ಲ, ಎರಡೂ ಪಟ್ಟಿ ಫೇಸು. ಊರಿನಲ್ಲಿ ಎರಡೂ ತೂತಲ್ಲಿ ಟೆಸ್ಟರ್ ಉರಿದರೆ ನ್ಯೂಟ್ರಲ್ ಕಟ್ಟಾಗಿದೆ ಎಂದು ಅರ್ಥ, ಇಲ್ಲಿ ನ್ಯೂಟ್ರಲ್ ಕೊಟ್ಟೇ ಇಲ್ಲ ಎಂದು ಅರ್ಥ. ಕಾರಣ ಬೇರೆಯಾದರೂ ತೀರ್ಪು ಒಂದೇ. ಅವರ ಮಾತು ಕೇಳಿದರೆ ಕೈಪಿಡಿ ಇಲ್ಲಿಗೇ ಮುಗಿದುಹೋಗುತ್ತದೆ. ಕಾಫಿ ಆರುತ್ತದೆ ಎನ್ನಿ. ಗೆಳೆಯನಿಗೆ ಬೇಜಾರಾಗುತ್ತದೆ ಎನ್ನಿ. ನಲವತ್ತು ವರ್ಷ ಕರೆಂಟನ್ನು ನಂಬದೆ ಬದುಕಿದ ಮನುಷ್ಯನನ್ನು, ಎಂದೂ ಅನುಮಾನಿಸುವ ಅಗತ್ಯ ಬಾರದ ಮಗ ಗದರಿಸಿ ಒಳಗೆ ಕೂರಿಸುವುದು ಈ ಪ್ರಯೋಗದ ಅತಿ ಮುಖ್ಯ ಘಟ್ಟ.

ತಂದೆಯವರಿಂದ ಕೆಲಸ ಆಗುವುದೂ ಉಂಟು, ಸಾಕೆಟ್ಟು ಸರಿಯಾಗಿದ್ದ ಪಕ್ಷದಲ್ಲಿ. “ಬಿಚ್ಚಿ ಸರಿ ಮಾಡಿಕೊಡಿ” ಎಂದು ಅವರ ಕೈಗೇ ಕೊಟ್ಟುಬಿಡಿ. ನಮ್ಮಲ್ಲಿ ಕಪ್ಪು ವೈರು ನ್ಯೂಟ್ರಲ್. ಕೆಂಪು, ಹಳದಿ, ನೀಲಿ ಫೇಸುಗಳು. ಅಮೆರಿಕದಲ್ಲಿ ಕಪ್ಪು ಫೇಸು, ಬಿಳಿ ನ್ಯೂಟ್ರಲ್. ಆಯುಷ್ಯವಿಡೀ ಕಪ್ಪನ್ನು ನಂಬಿದ ಕೈ ಅದನ್ನು ಒಯ್ದು ನ್ಯೂಟ್ರಲ್ಲಿಗೆ ಬಿಗಿಯುತ್ತದೆ. ಆಮೇಲೆ ಎಲ್ಲ ಸಾಮಾನೂ ನಡೆಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಸ್ವಿಚ್ ಆರಿಸಿದಾಗ ಕಟ್ಟಾಗುವುದು ಮಾತ್ರ ನ್ಯೂಟ್ರಲ್, ಫೇಸು ಸಾಮಾನಿನ ಒಳಗೇ ಕೂತಿರುತ್ತದೆ. ಅವರ ಅನುಮಾನ ಸರಿ, ಬಣ್ಣ ತಪ್ಪು. ನಿಮಗೆ ಬಣ್ಣವೂ ಗೊತ್ತಿಲ್ಲ, ಅನುಮಾನವೂ ಇಲ್ಲ.

ನಾಲ್ಕನೆಯ ಹಂತ: ಪ್ಲಗ್ ಚುಚ್ಚುವುದು

ಬ್ರೇಕರ್ ಆನ್ ಇರುವಾಗಲೇ ಚುಚ್ಚಿ. ಒಳಗೆ ಏಸಿ, ಮೈಕ್ರೋವೇವ್, ಟಿವಿ ಎಲ್ಲ ಆನ್ ಸ್ಥಿತಿಯಲ್ಲೇ ಇದ್ದರೆ ಇನ್ನೂ ಉತ್ತಮ. ಪಟ್ ಎಂದು ಕಿಡಿ ಹಾರಿ ಪ್ಲಗ್ಗಿನ ಕಾಲು ಕಪ್ಪಾಗುತ್ತದೆ, ಅದು ಬೋನಸ್ಸು.

ಮುಂದಿನದು ಕ್ಷಣಗಳ ಮಾತು. 120 ವೋಲ್ಟಿಗೆಂದು ಮಾಡಿದ ಬಿಸಿಸುರುಳಿಗೆ 240 ಕೊಟ್ಟರೆ ಅದು ಎಳೆಯುವ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಯಾಕೆಂದರೆ ವೋಲ್ಟೇಜು ದುಪ್ಪಟ್ಟಾದಂತೆ ಕರೆಂಟೂ ದುಪ್ಪಟ್ಟಾಗುತ್ತದೆ. 1,440 ವಾಟಿನ ನೀರು ಕಾಯಿಸುವ ಸುರುಳಿ 5,760 ವಾಟಿಗೆ ಏರುತ್ತದೆ. ಫ್ರಿಜ್ಜಿನೊಳಗಿನ ಸುರುಳಿಯದೂ ಅದೇ ಪಾಡು. ಮೈಕ್ರೋವೇವ್ ಒಮ್ಮೆ ಗುಡುಗಿ ಸುಮ್ಮನಾಗುತ್ತದೆ. ಕನ್ವರ್ಟರಿನಿಂದ ಹೊಗೆ. ಟಿವಿಗೆ ಕಾವಲಿಗೆಂದು ಹಾಕಿದ್ದ ಸರ್ಜ್ ಪ್ರೊಟೆಕ್ಟರ್ ಎಲ್ಲಕ್ಕಿಂತ ಮೊದಲು ಸಾಯುತ್ತದೆ. ಅದರೊಳಗಿನ ವೇರಿಸ್ಟರ್ ಎಂಬ ಬಿಲ್ಲೆ ಸಿಡಿಲಿನಂಥ ಕ್ಷಣಮಾತ್ರದ ಹೊಡೆತವನ್ನು ನುಂಗಲು ಮಾಡಿದ್ದು. ಇಡೀ ಸಂಜೆ ದುಪ್ಪಟ್ಟು ವೋಲ್ಟೇಜು ಕುಡಿಸಿದರೆ ಕಾದು, ಬಿರಿದು, ಕೆಲವೊಮ್ಮೆ ಉರಿಯುತ್ತದೆ. ಕಾವಲುಗಾರನ ಹೆಣವೇ ಮೊದಲು ಬೀಳುವುದು.

ಇಷ್ಟೆಲ್ಲ ನಡೆಯುವಾಗ ಬ್ರೇಕರ್ ಏನು ಮಾಡುತ್ತಿರುತ್ತದೆ ಎಂದು ಕೇಳಬಹುದು. ಸುಮ್ಮನೆ ನೋಡುತ್ತಿರುತ್ತದೆ. ಅದರ ಕಣ್ಣು ಇರುವುದು ಆಂಪಿಯರಿನ ಮೇಲೆ. ಗೋಡೆಯೊಳಗಿನ ವೈರು ಕಾಯದಂತೆ ನೋಡಿಕೊಳ್ಳುವುದು ಅದರ ನೌಕರಿ. ನಿಮ್ಮ ಮೈಕ್ರೋವೇವಿಗೂ ಅದಕ್ಕೂ ಸಂಬಂಧವಿಲ್ಲ. ವೋಲ್ಟೇಜು ಎಷ್ಟಿದೆ ಎಂದು ಅಳೆಯುವ ಅಂಗವೇ ಅದಕ್ಕಿಲ್ಲ. ಸುಟ್ಟ ಸಾಮಾನು ಶಾರ್ಟ್ ಆದಮೇಲೆ ಅದು ಟಪ್ ಎಂದು ಬೀಳುತ್ತದೆ. ಅಲ್ಲಿಗೆ ಆಗಬೇಕಾದ್ದೆಲ್ಲ ಆಗಿರುತ್ತದೆ.

ಬದುಕುಳಿಯುವುದು ಯಾವುದು? ಲ್ಯಾಪ್‌ಟಾಪಿನ, ಮೊಬೈಲಿನ ಚಾರ್ಜರುಗಳು. ಅವುಗಳ ಬೆನ್ನ ಮೇಲೆ 100ರಿಂದ 240 ವೋಲ್ಟ್ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಅವಕ್ಕೆ ಯಾವ ದೇಶವೂ ಒಂದೇ. ಮತ್ತೆ, ಅಮ್ಮ ಮೈಸೂರಿನಿಂದ ಹೊತ್ತುತಂದ ಮಿಕ್ಸಿ. 230 ವೋಲ್ಟಿನ ಮಿಕ್ಸಿ ಅದು. ಬೇ ಏರಿಯಾದ ಅಡುಗೆಮನೆಯಲ್ಲಿ ಬರಿಯ ಪ್ಲಗ್ ಅಡಾಪ್ಟರಿನ ಮೇಲೆ ಕೊರಗುತ್ತಾ ತಿರುಗುತ್ತಿದ್ದದ್ದು, ಒಂದು ಹಿಡಿ ಕಾಯಿತುರಿಯನ್ನೂ ತರಿತರಿಯಾಗಿ ಬಿಡುತ್ತಿದ್ದದ್ದು, ಇಲ್ಲಿ ಒಮ್ಮೆಗೇ ಮೈಕೊಡವಿ ಎದ್ದು ಚಟ್ನಿಯನ್ನು ಬೆಣ್ಣೆಯಂತೆ ಅರೆದುಹಾಕುತ್ತದೆ. ಅದರ ಮೋಟರು 60 ಹರ್ಟ್ಸಿಗೂ ತಲೆಕೆಡಿಸಿಕೊಳ್ಳುವುದಿಲ್ಲ. ಇಡೀ ಅಮೆರಿಕದಲ್ಲಿ ಆ ಮಿಕ್ಸಿಗೆ ತಕ್ಕ ಕರೆಂಟು ಸಿಕ್ಕಿದ್ದು ಇದೊಂದೇ ಡ್ರೈವ್‌ವೇನಲ್ಲಿ. “ನೋಡು, ಈ ಗಾಡೀಲಿ ಎಷ್ಟು ಚೆನ್ನಾಗಿ ಅರೀತು!” ಎಂದು ಅಮ್ಮ ಹಿಗ್ಗಿದರೆ, ಹಿಂದಿನಿಂದ ಹೊಗೆ ಬರುತ್ತಿದೆಯೇ ನೋಡಿ.

ಇನ್ನೊಂದು ಸೊಗಸು: ದೀಪಗಳು ಆರುವುದಿಲ್ಲ. ಅವು ಬ್ಯಾಟರಿಯವು. ದೀಪ ಉರಿಯುತ್ತಿದೆ, ನಲ್ಲಿಯಲ್ಲಿ ನೀರು ಬರುತ್ತಿದೆ, ಹಾಗಾದರೆ ಏಸಿ ಮಾತ್ರ ಕೆಟ್ಟಿದೆ ಎಂದು ಎಲ್ಲರೂ ಒಪ್ಪಿ ಗೆಳೆಯನ ಮನೆಯೊಳಗೆ ಮಲಗುತ್ತೀರಿ. ಮರುದಿನ ದಾರಿಯುದ್ದಕ್ಕೂ ಎಂಜಿನ್ನು ಬ್ಯಾಟರಿ ತುಂಬುತ್ತದೆ. ಫಿಶಿಂಗ್ ಬ್ರಿಡ್ಜಿಗೆ ಬಂದು, ಅಲ್ಲಿನ ಸರಿಯಾದ ಪೆಡೆಸ್ಟಲ್ಲಿಗೆ ಚುಚ್ಚಿ ನಿಶ್ಚಿಂತೆಯಾಗಿ ಹೊದ್ದುಕೊಳ್ಳುತ್ತೀರಿ. ಕನ್ವರ್ಟರ್ ಹಿಂದಿನ ಸಂಜೆಯೇ ಸತ್ತಿದೆ. ಬ್ಯಾಟರಿಗೆ ಹನಿಯೂ ಹೋಗುತ್ತಿಲ್ಲ. 7,700 ಅಡಿಗೂ ಮೇಲಿನ ಅಲ್ಲಿನ ಸರೋವರದ ದಂಡೆಯಲ್ಲಿ ಜುಲೈ ರಾತ್ರಿಯೂ ಹಲ್ಲು ಕಟಕಟಿಸುವ ಚಳಿ. ಬೆಳಗಿನ ಜಾವ ಬಿಸಿಗಾಳಿಯ ಫ್ಯಾನು ನಿಧಾನವಾಗಿ ನಿಲ್ಲುತ್ತದೆ. ಆಗ ಎದ್ದು ಕೂತು ಫಿಶಿಂಗ್ ಬ್ರಿಡ್ಜಿನ ಕರೆಂಟನ್ನು ಬೈಯುವುದು ಪದ್ಧತಿ.

50 ಆಂಪಿಯರಿನವರಿಗೆ

ದೊಡ್ಡ ಗಾಡಿಯವರಿಗೆ ಹೊಟ್ಟೆಯುರಿ ಬೇಡ. ನಿಮ್ಮ ನಾಲ್ಕು ಕಾಲಿನ ಪ್ಲಗ್ಗಿನಲ್ಲಿ ಎರಡು ಫೇಸು, ಒಂದು ನ್ಯೂಟ್ರಲ್, ಒಂದು ಅರ್ತಿಂಗ್. ಪ್ರತಿ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 120. ಗಾಡಿಯ ಅರ್ಧ ಸಾಮಾನು ಒಂದು ಫೇಸಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ನ್ಯೂಟ್ರಲ್ಲು ಇಬ್ಬರು ಗಂಡುಮಕ್ಕಳ ನಡುವಿನ ತಾಯಿ: ಅವಳಿರುವವರೆಗೆ ಇಬ್ಬರಿಗೂ ಸಮಪಾಲು. ಅವಳು ಕಣ್ಣುಮುಚ್ಚಿದರೆ ಒಬ್ಬ ಬಾಚಿಕೊಳ್ಳುತ್ತಾನೆ, ಇನ್ನೊಬ್ಬ ಉಪವಾಸ.

ಲೆಕ್ಕ ಬೇಕೆನ್ನುವವರಿಗೆ: ಒಂದು ಕಡೆ 1,500 ವಾಟಿನ ಹೀಟರು, ಇನ್ನೊಂದು ಕಡೆ 100 ವಾಟಿನ ಟಿವಿ. ನ್ಯೂಟ್ರಲ್ ತಪ್ಪಿಹೋದರೆ ಎರಡೂ ಸಾಲಾಗಿ 240 ವೋಲ್ಟಿನ ನಡುವೆ ಸಿಕ್ಕಿಕೊಳ್ಳುತ್ತವೆ. ಹೀಟರಿಗೆ ಸಿಗುವುದು ಸುಮಾರು 15 ವೋಲ್ಟ್, ಟಿವಿಗೆ ಸುಮಾರು 225. ಹೀಟರು ತಣ್ಣಗಿದೆ ಎಂದು ನೀವು ಅದರ ಗುಂಡಿ ತಿರುಗಿಸುತ್ತಾ ನಿಂತಿರುವಾಗ ಅತ್ತ ಟಿವಿ ಹೋಗಿರುತ್ತದೆ. ಬ್ರೇಕರ್ ಇಲ್ಲೂ ಸುಮ್ಮನಿರುತ್ತದೆ, ಆಂಪಿಯರು ಜಾಸ್ತಿಯೇ ಆಗಿಲ್ಲವಲ್ಲ. ನಮ್ಮ ಹಳ್ಳಿಗಳಲ್ಲಿ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಹತ್ತಿರ ನ್ಯೂಟ್ರಲ್ ಕಟ್ಟಾಗಿ ಒಂದು ಬೀದಿಯ ಬಲ್ಬುಗಳು ಮಂಕಾಗಿ ಪಕ್ಕದ ಬೀದಿಯ ಟಿವಿ ಫ್ರಿಜ್ಜು ಸುಡುವುದೂ ಇದೇ ಗಣಿತ. ಅಲ್ಲಿ ಮೂರು ಫೇಸು, 400 ವೋಲ್ಟು, ಪೆಟ್ಟು ಇನ್ನೂ ಜೋರು. ಬಲ್ಬು ಮಂಕಾದ ತಕ್ಷಣ ಓಡಿಹೋಗಿ ಮೇನ್ ಆಫ್ ಮಾಡುವುದು ನಮ್ಮ ಕಡೆಯ ಅಜ್ಜಿಯಂದಿರಿಗೂ ಗೊತ್ತಿತ್ತು.

ನ್ಯೂಟ್ರಲ್ ಇಲ್ಲದ ಪಾಯಿಂಟು ಎಲ್ಲಿ ಸಿಗುತ್ತದೆ? ಹಳೆಯ ತಂಗುದಾಣಗಳಲ್ಲಿ, ಸ್ಕ್ರೂ ಸಡಿಲಗೊಂಡ ಪೆಡೆಸ್ಟಲ್ಲುಗಳಲ್ಲಿ. ಈಚೆಗೆ ಇನ್ನೊಂದು ಸುಲಭದ ಜಾಗ ಹುಟ್ಟಿಕೊಂಡಿದೆ: ಗೆಳೆಯರ ಗ್ಯಾರೇಜು. ಎಲೆಕ್ಟ್ರಿಕ್ ಕಾರಿಗೆಂದು ಹಾಕಿಸಿದ ಪಾಯಿಂಟೂ ಬಹಳ ಕಡೆ ಇದೇ ನಾಲ್ಕು ತೂತಿನದು. ಕಾರಿನ ಚಾರ್ಜರಿಗೆ ಎರಡು ಫೇಸು ಮತ್ತು ಅರ್ತಿಂಗ್ ಇದ್ದರೆ ಸಾಕು, ನ್ಯೂಟ್ರಲ್ ಬೇಕಿಲ್ಲ. ಹಾಗಾಗಿ ತಾಮ್ರ ಉಳಿಸಲು ಕೆಲವರು ನ್ಯೂಟ್ರಲ್ ವೈರನ್ನೇ ಎಳೆದಿರುವುದಿಲ್ಲ. ಆ ತೂತಿನ ಹಿಂದೆ ಬರೀ ಗಾಳಿ. ಕಾರು ವರ್ಷಗಟ್ಟಲೆ ಸರಿಯಾಗಿ ಚಾರ್ಜಾಗಿದೆ, ಗೆಳೆಯನಿಗೆ ಆ ಪಾಯಿಂಟಿನ ಮೇಲೆ ಪೂರ್ಣ ವಿಶ್ವಾಸ. ಅದಕ್ಕೆ ಬಸ್ಸಿನಂಥ ಮೋಟರ್‌ಹೋಮ್ ಚುಚ್ಚಿ ನೋಡಿ.

ನಿಧಾನವಾಗಿ ಸುಡಬೇಕೆನ್ನುವವರಿಗೆ

ಆತುರವಿಲ್ಲದವರು ಜುಲೈ ನಾಲ್ಕರ ವಾರಾಂತ್ಯದಲ್ಲಿ ತುಂಬಿ ತುಳುಕುವ ಹಳೆಯ ತಂಗುದಾಣಕ್ಕೆ ಹೋಗಬಹುದು. 36 ಅಥವಾ ಅದಕ್ಕಿಂತ ಹೆಚ್ಚು ಗಾಡಿಗಳ ಜಾಗವಿದ್ದರೆ, ಎಲ್ಲರೂ ಒಟ್ಟಿಗೆ ಪೂರ್ತಿ ಎಳೆಯುವುದಿಲ್ಲ ಎಂದು ಊಹಿಸಿ, ಒಟ್ಟು ಹೊರೆಯ ಶೇಕಡಾ 41ರ ಲೆಕ್ಕಕ್ಕೆ ವೈರು ಹಾಕಿದರೆ ಸಾಕೆನ್ನುತ್ತದೆ ಸಂಹಿತೆ. ಮಧ್ಯಾಹ್ನ ನಾಲ್ಕು ಗಂಟೆಗೆ ಎಲ್ಲ ಏಸಿಗಳೂ ಒಮ್ಮೆಗೇ ಗುಂಯ್‌ಗುಟ್ಟುತ್ತವೆ. ವೋಲ್ಟೇಜು 100ರ ಹತ್ತಿರಕ್ಕೆ ಇಳಿದರೆ ಏಸಿಯ ಕಂಪ್ರೆಸರು ಹೆಚ್ಚು ಆಂಪಿಯರು ಎಳೆದು ಒಳಗೊಳಗೇ ಕಾಯುತ್ತದೆ. ಪ್ಲಗ್ಗಿನ ಸಂಪರ್ಕ ಸಡಿಲವಿದ್ದರೆ ಅದೂ ಕಾದು ಪ್ಲಾಸ್ಟಿಕ್ಕು ಕಂದುತ್ತದೆ. ಊರಿನಲ್ಲಿ ಫ್ರಿಜ್ಜಿಗೊಂದು, ಟಿವಿಗೊಂದು ಸ್ಟೆಬಿಲೈಜರ್ ಇಟ್ಟುಕೊಂಡು ಬೆಳೆದವರು, ಇಲ್ಲಿಗೆ ಬಂದಮೇಲೆ ಆ ಪದವನ್ನೇ ಮರೆತಿದ್ದೀರಿ. ಒಳ್ಳೆಯದು, ಹಾಗೇ ಇರಿ.

ಬಿಟ್ಟುಬಿಡಬೇಕಾದ ಹಂತ

ಇದೊಂದನ್ನು ಮಾತ್ರ ತಮಾಷೆಗೂ ಮಾಡಬಾರದು. ಸಾಮಾನು ಸುಟ್ಟರೆ ದುಡ್ಡು ಹೋಗುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಜೀವ ಹೋಗುತ್ತದೆ.

ಮೋಟರ್‌ಹೋಮಿನ ಲೋಹದ ಮೈ ಕೂತಿರುವುದು ರಬ್ಬರಿನ ಟಯರುಗಳ ಮೇಲೆ. ಅದನ್ನು ಭೂಮಿಯ ಮಟ್ಟದಲ್ಲಿ ಹಿಡಿದಿಟ್ಟಿರುವುದು ಪ್ಲಗ್ಗಿನ ದುಂಡನೆಯ ಪಿನ್ನಿನ ಹಿಂದಿರುವ ಆ ಒಂದು ವೈರು. ಅದು ಕಡಿದಿದ್ದರೆ, ಒಳಗಿನ ಯಾವುದೋ ಸಾಮಾನಿನಿಂದ ಸೋರಿದ ಕರೆಂಟು ಹೋಗಲು ದಾರಿಯಿಲ್ಲದೆ ಇಡೀ ಗಾಡಿಯ ಮೈಗೆ ಹತ್ತಿಕೊಳ್ಳುತ್ತದೆ. ಒಳಗಿರುವವರಿಗೆ ಏನೂ ಗೊತ್ತಾಗದು. ಕಾಲು ನೆಲದ ಮೇಲಿಟ್ಟು ಕೈಯಲ್ಲಿ ಬಾಗಿಲ ಹಿಡಿ ಮುಟ್ಟಿದವರಿಗೆ ಹೊಡೆಯುತ್ತದೆ. ನಮ್ಮ ಮನೆಗಳ ಹಿರಿಯರು ಏನು ಮಾಡುತ್ತಾರೆ? ಹೊರಗೆ ಅಡ್ಡಾಡಿ ಬಂದವರು ಚಪ್ಪಲಿ ಕಳಚಿ, ಪೆಡೆಸ್ಟಲ್ ಪಕ್ಕದ ನಲ್ಲಿಯಲ್ಲಿ ಕಾಲು ತೊಳೆದು, ಒದ್ದೆಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ಲೋಹದ ಹಿಡಿ ಹಿಡಿದು ಮೆಟ್ಟಿಲು ಹತ್ತುತ್ತಾರೆ. ಬೇಕೆಂದೇ ಹೊಂಚುಹಾಕಿದರೂ ಇದಕ್ಕಿಂತ ಕೆಟ್ಟ ಜೋಡಣೆ ಸಿಗದು. “ಬಾಗ್ಲು ಮುಟ್ಟಿದ್ರೆ ಜುಮ್ ಅಂತು” ಎಂದು ಅಮ್ಮ ಹೇಳಿದರೆ ಅದು ಚಳಿಗೆ ಅಲ್ಲ, ವಯಸ್ಸಿಗೂ ಅಲ್ಲ. ಎಲ್ಲರನ್ನೂ ಗಾಡಿಯಿಂದ ದೂರ ನಿಲ್ಲಿಸಿ, ಗಾಡಿ ಮುಟ್ಟದೆ ಪೆಡೆಸ್ಟಲ್ಲಿನ ಬ್ರೇಕರ್ ಆರಿಸಿ, ಆಮೇಲೆ ಪ್ಲಗ್ ಕೀಳಬೇಕು.

ಸಣ್ಣ 20 ಆಂಪಿಯರಿನ ಸಾಕೆಟ್ಟಿನಲ್ಲಿ ಸಾಮಾನ್ಯವಾಗಿ ಜಿಎಫ್‌ಸಿಐ ಇರುತ್ತದೆ, 5 ಮಿಲಿ ಆಂಪಿಯರ್ ಸೋರಿದರೂ ಕಡಿದುಹಾಕುತ್ತದೆ. 30, 50ರ ಸಾಕೆಟ್ಟುಗಳಲ್ಲಿ ಆ ಕಾವಲು ಇರುವುದು ಅಪರೂಪ. ಅರ್ತಿಂಗ್ ವೈರೇ ಇಲ್ಲದ ಹಳೆಯ ಮನೆಗಳಲ್ಲಂತೂ ಇನ್ನೊಂದು ಬಲೆ ಇದೆ. ಅರ್ತಿಂಗಿನ ಸ್ಕ್ರೂವಿಗೆ ಒಂದು ತುಂಡು ವೈರಿನಿಂದ ನ್ಯೂಟ್ರಲ್ಲನ್ನೇ ಕೊಟ್ಟಿರುತ್ತಾರೆ. ಫೇಸು-ನ್ಯೂಟ್ರಲ್ ಅದಲುಬದಲಾಗಿದ್ದರೆ ಆಗ ಅರ್ತಿಂಗ್ ಪಿನ್ನೇ ಫೇಸು, ಗಾಡಿಯ ಮೈಗೆ ಪೂರಾ 120 ವೋಲ್ಟ್. ಅಂಗಡಿಯಲ್ಲಿ ಸಿಗುವ ಮೂರು ದೀಪದ ಪರೀಕ್ಷಕ ಇದಕ್ಕೂ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ. ಮೋಟರ್‌ಹೋಮಿನ ಕರೆಂಟಿನ ಬಗ್ಗೆ ಅಮೆರಿಕದಲ್ಲಿ ವರ್ಷಗಳಿಂದ ಬರೆಯುತ್ತ ಬಂದಿರುವ ಮೈಕ್ ಸೋಕೋಲ್ ಈ ದೋಷಕ್ಕೊಂದು ಹೆಸರನ್ನೇ ಇಟ್ಟು ಎಚ್ಚರಿಸಿದ್ದಾರೆ. ಹತ್ತಿರ ಹಿಡಿದರೆ ಸಾಕು, ಮುಟ್ಟದೆಯೇ ಕೀಚ್ ಎನ್ನುವ ಪೆನ್ನಿನಂಥ ಟೆಸ್ಟರು ಇದನ್ನು ಹಿಡಿಯುತ್ತದೆ.

ಪ್ರಯೋಗ ಕೆಡಿಸುವ ವಸ್ತುಗಳು

ಕೆಳಗಿನವು ಕಣ್ಣಿಗೆ ಬಿದ್ದರೆ ಬಚ್ಚಿಡಿ.

ಮಲ್ಟಿಮೀಟರ್. ಇಪ್ಪತ್ತು ಡಾಲರಿಗೂ ಸಿಗುತ್ತದೆ. 30 ಆಂಪಿಯರಿನ ಸಾಕೆಟ್ಟಿನಲ್ಲಿ ಎರಡು ಓರೆ ತೂತುಗಳ ನಡುವೆ ಸುಮಾರು 120, ಫೇಸಿಗೂ ಅರ್ತಿಂಗಿಗೂ 120, ನ್ಯೂಟ್ರಲ್ಲಿಗೂ ಅರ್ತಿಂಗಿಗೂ ಹೆಚ್ಚುಕಡಿಮೆ ಸೊನ್ನೆ ಬರಬೇಕು. ಓರೆ ತೂತುಗಳ ನಡುವೆ 240 ಬಂದರೆ ಪ್ಲಗ್ ಕೈಯಲ್ಲೇ ಇರಲಿ. 50ರ ಸಾಕೆಟ್ಟಾದರೆ ಎರಡು ಫೇಸುಗಳ ನಡುವೆ 240, ಪ್ರತಿ ಫೇಸಿಗೂ ನ್ಯೂಟ್ರಲ್ಲಿಗೂ 120. ಮೂರು ನಿಮಿಷದ ಕೆಲಸ. ಹೊಸ ಮನೆಗೆ ಹಾಲುಕ್ಕಿಸಲು ಮುಹೂರ್ತವನ್ನು ನಿಮಿಷ, ಸೆಕೆಂಡುಗಳ ತನಕ ನೋಡುವ ನಾವು ಇದಕ್ಕೆ ಪುರುಸೊತ್ತಿಲ್ಲ ಎನ್ನುತ್ತೇವೆ.

ಇಎಮ್ಎಸ್ ಎಂದು ಕರೆಯುವ ಪೆಟ್ಟಿಗೆ. ಸಾಕೆಟ್ಟಿಗೂ ಗಾಡಿಗೂ ನಡುವೆ ಕೂರುತ್ತದೆ. ಮೊದಲು ತಾನೇ ಅಳೆದು ನೋಡಿ, ವೋಲ್ಟೇಜು 104ಕ್ಕಿಂತ ಕಡಿಮೆಯೋ 132ಕ್ಕಿಂತ ಹೆಚ್ಚೋ ಇದ್ದರೆ, ಫೇಸು-ನ್ಯೂಟ್ರಲ್ ತಿರುವುಮುರುವಾಗಿದ್ದರೆ, ಅರ್ತಿಂಗ್ ಇಲ್ಲದಿದ್ದರೆ ಕರೆಂಟನ್ನು ಒಳಗೇ ಬಿಡುವುದಿಲ್ಲ. ಬೆಲೆ ಕೆಲವು ನೂರು ಡಾಲರು. ಇದನ್ನೂ, ಬರಿಯ ಸರ್ಜ್ ಪ್ರೊಟೆಕ್ಟರನ್ನೂ ಅಂಗಡಿಯಲ್ಲಿ ಅಕ್ಕಪಕ್ಕ ಇಟ್ಟಿರುತ್ತಾರೆ, ಡಬ್ಬಿಯೂ ಹೆಚ್ಚುಕಡಿಮೆ ಒಂದೇ ತರಹ. ಅಗ್ಗದ್ದನ್ನೇ ಆರಿಸಿ.

ಮೂರನೆಯದು ಕ್ರಮ. ಬ್ರೇಕರ್ ಹಾಕಿ ಅಳೆದು, ಬ್ರೇಕರ್ ಆರಿಸಿ, ಚುಚ್ಚಿ, ಆಮೇಲೆ ಮತ್ತೆ ಬ್ರೇಕರ್ ಹಾಕುವುದು. ಬಿಡುವಾಗ ಇದರ ತಿರುವು. ಇದನ್ನು ರೂಢಿ ಮಾಡಿಕೊಂಡವರಿಂದ ಈ ಕೈಪಿಡಿಗೆ ಯಾವ ಪ್ರಯೋಜನವೂ ಇಲ್ಲ.

ರಿಪೇರಿ ಮತ್ತು ಖರ್ಚು

ಗಾಡಿ ಹಿಂತಿರುಗಿಸುವಾಗ ಬಾಡಿಗೆ ಕರಾರಿನ ಹಿಂಬದಿ ಓದಿ, ಮೊದಲ ಸಲ. ಮೈಕ್ರೋವೇವ್, ಕನ್ವರ್ಟರ್, ಫ್ರಿಜ್ಜಿನ ಸುರುಳಿ, ಟಿವಿ ಎಂದು ಅವರು ಪಟ್ಟಿ ಮಾಡುತ್ತಾ ಹೋಗುತ್ತಾರೆ. ಏಸಿಯ ಮುಂದೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಗೆಳೆಯನಿಗೆ ಫೋನ್ ಮಾಡಿದರೆ ಅವನು ಎಲೆಕ್ಟ್ರಿಷಿಯನ್ ಕಡೆ ಕೈ ತೋರಿಸುತ್ತಾನೆ. ಎಲೆಕ್ಟ್ರಿಷಿಯನ್ ತಾನು ಹಾಕಿದ್ದು 30 ಆಂಪಿಯರಿನದೇ, ಕೇಳಿದ್ದೂ ಅದನ್ನೇ ಎನ್ನುತ್ತಾನೆ. ವೋಲ್ಟಿನ ಮಾತು ಯಾರೂ ಎತ್ತಿರಲಿಲ್ಲ, ನಿಜ. ತಂದೆಯವರು ಮಾತ್ರ ಏನೂ ಹೇಳುವುದಿಲ್ಲ. ಟೆಸ್ಟರನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು ಪೇಪರು ಓದುತ್ತಾರೆ.

ಆ ಪಾಯಿಂಟನ್ನು ಸರಿಪಡಿಸುವುದು ಸುಲಭ. ಜೋಡಿ ಬ್ರೇಕರ್ ತೆಗೆದು 30 ಆಂಪಿಯರಿನ ಒಂಟಿ ಬ್ರೇಕರ್ ಹಾಕಬೇಕು, ಬಿಳಿ ವೈರನ್ನು ಬಿಚ್ಚಿ ನ್ಯೂಟ್ರಲ್ ಪಟ್ಟಿಗೆ ಬಿಗಿಯಬೇಕು. ವೈರು ಅದೇ, ಸಾಕೆಟ್ಟು ಅದೇ. ಅದೇ ಎಲೆಕ್ಟ್ರಿಷಿಯನ್ ಬಂದು ಅರ್ಧ ಗಂಟೆಯೊಳಗೆ ಮುಗಿಸಿಕೊಡುತ್ತಾನೆ, ಮತ್ತು ಅದಕ್ಕೆ ಬೇರೆ ಬಿಲ್ಲು ಕೊಡುತ್ತಾನೆ.